ಬರೆದು ಕೊಟ್ಟ ಮಾತು, ಆಡಬೇಕಾದ ಮಾತು: ‘ಯಂಗ್ ರಾಯಲ್ಸ್’ ಸರಣಿಯಲ್ಲಿ ಪ್ರೀತಿ, ಕರ್ತವ್ಯ, ದ್ರೋಹ

(ಗಡಿನಾಡಿನ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳ್ತದೆ ಅಂತ ಭಾವಿಸ್ತೇನೆ. ಅಧ್ಯಕ್ಷತೆ ವಹಿಸಿದ ಗುರುಗಳಿಗೆ, ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ತಾಳವಾಡಿ, ಆದೋನಿ ಕಡೆಯಿಂದ ಸೇರಿಕೊಂಡ ಗೆಳೆಯರಿಗೆ ಕಾಸರಗೋಡಿನಿಂದ ವಂದನೆ.

ನಾನು ಆರಿಸಿಕೊಂಡದ್ದು ಸ್ವೀಡನ್ನಿನ ಒಂದು ಸರಣಿ, ‘ಯಂಗ್ ರಾಯಲ್ಸ್’. ನೆಟ್‌ಫ್ಲಿಕ್ಸಿನಲ್ಲಿ 2021ರ ಜುಲೈ 1ಕ್ಕೆ ಮೊದಲ ಭಾಗ ಬಂತು, 2022ರ ನವೆಂಬರಿನಲ್ಲಿ ಎರಡನೆಯದು, 2024ರ ಮಾರ್ಚಿನಲ್ಲಿ ಮೂರನೆಯದು ಮತ್ತು ಕೊನೆಯದು. ಒಂದೊಂದರಲ್ಲಿ ಆರು ಕಂತು. ಮುಖ್ಯ ಬರಹಗಾರ್ತಿ ಲಿಸಾ ಆಂಬ್ಯೋರ್ನ್. ಹದಿಹರೆಯದವರ ರಾಜಮನೆತನದ ಕಥೆ ಅಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಕಿರೀಟ, ಕುದುರೆ, ಒಳಸಂಚು, ಹೊಳೆಯುವ ಬಟ್ಟೆ ಎಲ್ಲ ನೆನಪಾಗ್ತದೆ. ಇಲ್ಲಿ ಕುದುರೆ ಉಂಟು, ಒಳಸಂಚೂ ಉಂಟು. ಆದರೆ ರಾಜಕುಮಾರನ ಮುಖದಲ್ಲಿ ಮೊಡವೆಯೂ ಉಂಟು. ಅದನ್ನು ಬಣ್ಣ ಹಚ್ಚಿ ಮುಚ್ಚಲಿಲ್ಲ. ನಟ ಎಡ್ವಿನ್ ರೈಡಿಂಗ್ ಪಾತ್ರದ ವಯಸ್ಸಿಗೆ ಹತ್ತಿರದವನೇ. ಚಿಕ್ಕ ಸಂಗತಿ ಅನಿಸಬಹುದು. ಕ್ಯಾಮೆರಾ ತೀರ ಹತ್ತಿರ ಬಂದಾಗ ಅದು ಚಿಕ್ಕದಾಗಿ ಉಳಿಯುವುದಿಲ್ಲ.

ನೋಡದವರಿಗಾಗಿ ಕಥೆ ಬೇಗ ಹೇಳಿಬಿಡ್ತೇನೆ. ವಿಲ್ಹೆಲ್ಮ್ ಸ್ವೀಡನ್ನಿನ ಕಿರಿಯ ರಾಜಕುಮಾರ. ಈ ರಾಜಮನೆತನ ಕಾಲ್ಪನಿಕ. ಒಂದು ರಾತ್ರಿ ಕ್ಲಬ್ಬಿನಲ್ಲಿ ಹೊಡೆದಾಡಿದ, ಅದರ ವಿಡಿಯೋ ಊರೆಲ್ಲ ಹರಡಿತು. ಶಿಕ್ಷೆಯ ಹಾಗೆ ಅವನನ್ನು ಹಿಲ್ಲೆರ್ಸ್ಕಾ ಎಂಬ ಶ್ರೀಮಂತರ ವಸತಿಶಾಲೆಗೆ ಕಳಿಸ್ತಾರೆ. ಅಣ್ಣ ಎರಿಕ್ ಓದಿದ ಶಾಲೆ ಅದು. ಅಲ್ಲಿ ದೂರದ ಸಂಬಂಧಿ ಆಗಸ್ಟ್ ಹಿರಿಯ ವಿದ್ಯಾರ್ಥಿ, ಎಲ್ಲರ ಮೇಲೆ ಯಜಮಾನಿಕೆ ಮಾಡುವವ. ಹತ್ತಿರದ ಊರಿಂದ ದಿನಾ ಬಂದು ಹೋಗುವ ಸಿಮೋನ್ ಎಂಬ ಹುಡುಗ, ಒಳ್ಳೆ ಹಾಡುಗಾರ. ಸಿಮೋನನ ಸಹೋದರಿ ಸಾರಾ. ವಿಲ್ಹೆಲ್ಮ್ ಮತ್ತು ಸಿಮೋನ್ ಪ್ರೀತಿಸ್ತಾರೆ. ಅಷ್ಟರಲ್ಲಿ ಎರಿಕ್ ಕಾರು ಅಪಘಾತದಲ್ಲಿ ಸಾಯ್ತಾನೆ, ವಿಲ್ಹೆಲ್ಮ್ ಯುವರಾಜ ಆಗ್ತಾನೆ. ಆಗಸ್ಟ್ ಕಿಟಕಿಯಾಚೆ ನಿಂತು ಇಬ್ಬರ ಖಾಸಗಿ ಗಳಿಗೆಯನ್ನು ಫೋನಿನಲ್ಲಿ ಚಿತ್ರಿಸಿ, ಆಮೇಲೆ ಹೊರಗೆ ಬಿಡ್ತಾನೆ. ಅರಮನೆಯ ಒತ್ತಾಯಕ್ಕೆ ವಿಲ್ಹೆಲ್ಮ್, ಆ ವಿಡಿಯೋದಲ್ಲಿರುವುದು ನಾನಲ್ಲ ಅಂತ ಜಗತ್ತಿಗೆ ಹೇಳ್ತಾನೆ. ಎರಡು, ಮೂರನೇ ಭಾಗಗಳು ಈ ಒಂದು ಸುಳ್ಳನ್ನು ಬಿಡಿಸಿಕೊಳ್ಳುವ ಕಥೆ.

ಈ ಸರಣಿಯ ಬಗ್ಗೆ ಮಾತಾಡುವವರು ಹೆಚ್ಚಾಗಿ ದ್ರೋಹ ಅಂದ್ರೆ ಆಗಸ್ಟ್ ಅಂತಲೇ ಹೇಳ್ತಾರೆ. ಕಿಟಕಿ, ಫೋನು, ವಿಡಿಯೋ. ನನ್ನ ವಾದ ಬೇರೆ. ಆಗಸ್ಟ್ ಮಾಡಿದ್ದು ಅಪರಾಧ. ದ್ರೋಹ ನಡೆದದ್ದು ವಿಲ್ಹೆಲ್ಮನ ಬಾಯಲ್ಲಿ, ಅವನು ಬೇರೆಯವರು ಸಿದ್ಧಪಡಿಸಿದ ಮಾತನ್ನು ತನ್ನದೆಂಬಂತೆ ಹೇಳಿದಾಗ. ದ್ರೋಹ ಮಾಡಲಿಕ್ಕೆ ಮೊದಲು ಒಬ್ಬರ ನಂಬಿಕೆ ನಮ್ಮ ಕೈಯಲ್ಲಿ ಇರಬೇಕಲ್ಲ. ಸಿಮೋನ್ ಆಗಸ್ಟನನ್ನು ಯಾವತ್ತೂ ನಂಬಿದವನಲ್ಲ. ಅವನು ನಂಬಿದ್ದು ವಿಲ್ಹೆಲ್ಮನನ್ನು. ಇನ್ನೊಂದು ನೋಡಿ. ವಿಲ್ಹೆಲ್ಮ್ ನಾನಲ್ಲ ಅಂದ ಆ ಕ್ಷಣಕ್ಕೆ, ಇಬ್ಬರಿದ್ದ ವಿಡಿಯೋದಲ್ಲಿ ಸಿಮೋನ್ ಒಬ್ಬನೇ ಉಳಿದ. ಆಗಸ್ಟ್ ಇಬ್ಬರ ಮಾನ ಕಳೆದ. ವಿಲ್ಹೆಲ್ಮನ ಹೇಳಿಕೆ ಒಬ್ಬನನ್ನು ಎತ್ತಿ ಇನ್ನೊಬ್ಬನನ್ನು ಅಲ್ಲೇ ಬಿಟ್ಟಿತು.

ಇದನ್ನು ವಿವರಿಸಲಿಕ್ಕೆ ನಮ್ಮ ಕಡೆಯ ಒಂದು ಸಂಗತಿ ನನಗೆ ಉಪಯೋಗಕ್ಕೆ ಬರ್ತದೆ. ಉತ್ತರದ ಗೆಳೆಯರಿಗೆ ತಾಳಮದ್ದಲೆ ಅಷ್ಟು ಪರಿಚಯ ಇರಲಿಕ್ಕಿಲ್ಲ. ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ ಅದು. ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ. ಪದ್ಯ ಕವಿ ಬರೆದಿಟ್ಟದ್ದು, ಬದಲಾಯಿಸುವ ಹಾಗಿಲ್ಲ. ಆಮೇಲೆ ಅರ್ಥಧಾರಿ ತನ್ನ ಪಾತ್ರದ ಮಾತು ಆಡ್ತಾನೆ, ಅದನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಕೂತಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡವರಾದದ್ದು ಇದೇ ಬಲದಿಂದ. ಅಂದರೆ ರಾಜನಿಗೆ ವಿಧಿಸಿದ್ದು ಪದ್ಯದಲ್ಲಿ ಉಂಟು, ಆದರೆ ಅದಕ್ಕೆ ಅವನು ಏನು ಹೇಳ್ತಾನೆ ಎಂಬುದು ಅವನ ಜವಾಬ್ದಾರಿ. ಪದ್ಯವನ್ನೇ ಇನ್ನೊಮ್ಮೆ ಗದ್ಯದಲ್ಲಿ ಒಪ್ಪಿಸಿ ಕೂತವನನ್ನು ನಮ್ಮ ಪ್ರೇಕ್ಷಕರು ಅರ್ಥಧಾರಿ ಅಂತ ಒಪ್ಪುವುದಿಲ್ಲ.

ಈಗ ವಿಲ್ಹೆಲ್ಮನ ಸಾರ್ವಜನಿಕ ಮಾತುಗಳನ್ನು ಸಾಲಾಗಿ ಇಟ್ಟು ನೋಡುವ. ಮೊದಲನೇ ಕಂತಿನಲ್ಲೇ, ಹೊಡೆದಾಟದ ಬಳಿಕ, ಕ್ಯಾಮೆರಾದ ಎದುರು ಕೂತು ಕ್ಷಮೆ ಕೇಳ್ತಾನೆ. ಮಾತು ಅರಮನೆಯದ್ದು. ಸೂಟು ಸರಿ ಉಂಟು, ಧ್ವನಿ ಸರಿ ಉಂಟು, ಕಣ್ಣು ಎಲ್ಲೋ ಉಂಟು. ಆ ಹೊತ್ತಿಗೆ ಅದು ಯಾರಿಗೂ ನೋವು ಮಾಡಿದ ಸುಳ್ಳಲ್ಲ, ಔಪಚಾರಿಕ. ನಾವು ನಗ್ತೇವೆ ಕೂಡ. ಅದೇ ಭಾಗದ ಕೊನೆಗೆ ಎರಡನೇ ಸಲ ಅದೇ ರೀತಿ ಕೂತುಕೊಳ್ತಾನೆ. ಈಗ ಅದೇ ಸೂಟು, ಅದೇ ಶಿಸ್ತು ಸಿಮೋನನನ್ನು ಅಳಿಸಿ ಹಾಕ್ತದೆ. ನನಗೆ ಸರಣಿಯ ಬರವಣಿಗೆಯಲ್ಲಿ ಬಹಳ ಮೆಚ್ಚಿಗೆ ಆದದ್ದು ಇದು: ಕರ್ತವ್ಯ ಅಂದರೆ ಏನು ಅಂತ ಯಾರೂ ಭಾಷಣ ಮಾಡುವುದಿಲ್ಲ, ಬದಲಿಗೆ ಮೊದಲ ದಿನವೇ ಹುಡುಗನಿಗೆ ಓದಲಿಕ್ಕೆ ಅಭ್ಯಾಸ ಮಾಡಿಸ್ತಾರೆ. ಎರಡನೇ ಸಲ ಓದುವಾಗ ಅಭ್ಯಾಸ ಕೈ ಹಿಡೀತದೆ. ಇಂಥ ಸುಳ್ಳಿಗೆ ದುಷ್ಟತನವೇನೂ ಬೇಕಾಗಿಲ್ಲ, ತರಬೇತಿ ಸಾಕು.

ಮೂರನೆಯದು ಎರಡನೇ ಭಾಗದ ಕೊನೆ. ಶಾಲೆಯ ಉತ್ಸವ, ಅತಿಥಿಗಳು, ಮಾಧ್ಯಮದವರು. ಯುವರಾಜ ಬರೆದು ಕೊಟ್ಟ ಭಾಷಣ ಸುರು ಮಾಡ್ತಾನೆ, ನಡುವಲ್ಲಿ ನಿಲ್ಲಿಸ್ತಾನೆ, ಕಾಗದ ಬಿಟ್ಟು ಮಾತಾಡ್ತಾನೆ. ಆ ವಿಡಿಯೋದಲ್ಲಿ ಇದ್ದದ್ದು ನಾನೇ ಅಂತ ಹೇಳ್ತಾನೆ. ಅವನ ಮಾತು ಚೆನ್ನಾಗಿ ಕಟ್ಟಿದ್ದಲ್ಲ. ತಡವರಿಸ್ತದೆ, ಅರ್ಧದಲ್ಲಿ ಹೊರಳ್ತದೆ. ಆದರೆ ಪದ್ಯದಿಂದ ಅರ್ಥಕ್ಕೆ ಬಂದ ಕ್ಷಣ ಅದು. ಅವನು ರಾಜಪದವಿ ಬಿಟ್ಟಿಲ್ಲ ಆಗ, ಗಮನಿಸಿ. ಯುವರಾಜನಾಗಿಯೇ ತನ್ನ ಮಾತು ಆಡಿದ. ರಾಜನಾಗಿರುವುದಕ್ಕೂ ಸತ್ಯ ಹೇಳುವುದಕ್ಕೂ ಜಗಳ ಇರಲೇಬೇಕಾ ಎಂಬ ಪ್ರಶ್ನೆಯನ್ನು ಸರಣಿ ಇಲ್ಲಿ ತೆರೆದಿಟ್ಟಿತ್ತು. ಮೂರನೇ ಭಾಗ ಈ ಪ್ರಶ್ನೆಯನ್ನು ಪೂರ್ತಿ ಎದುರಿಸಲಿಲ್ಲ ಎಂಬುದು ನನ್ನ ದೂರು, ಅದಕ್ಕೆ ಬರ್ತೇನೆ.

ಅದಕ್ಕೆ ಮೊದಲು ಸಿಮೋನನ ವಿಷಯ. ಕರ್ತವ್ಯ ಮತ್ತು ಪ್ರೀತಿಯ ನಡುವೆ ಸಿಕ್ಕಿಬಿದ್ದ ರಾಜಕುಮಾರ ಅಂದರೆ ನಮಗೆ ಮೊದಲು ನೆನಪಾಗುವುದು ದೇವವ್ರತ. ಅಪ್ಪನ ಪ್ರೀತಿಗಾಗಿ ಸಿಂಹಾಸನ ಬಿಟ್ಟ, ಮದುವೆ ಬಿಟ್ಟ, ಭೀಷ್ಮನಾದ. ವಿಲ್ಹೆಲ್ಮನನ್ನು ಭೀಷ್ಮನ ಪಕ್ಕ ಇಟ್ಟು ಹೋಲಿಸುವುದು ಸುಲಭ, ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ನಾನು ಹೋಲಿಸಬೇಕು ಅಂತಿರುವುದು ಸಿಮೋನನನ್ನು ಅಂಬೆಯ ಜೊತೆ. ‘ಭೀಷ್ಮ ವಿಜಯ’ ಪ್ರಸಂಗ ನೋಡಿದವರಿಗೆ ಗೊತ್ತು, ಆ ರಾತ್ರಿಯ ಆಟ ನಿಲ್ಲುವುದು ಅಂಬೆಯ ಪ್ರಶ್ನೆಗಳ ಮೇಲೆ. ಪ್ರತಿಜ್ಞೆ ಮಾಡಿದವನು ಭೀಷ್ಮ, ಕೀರ್ತಿ ಬಂದದ್ದು ಭೀಷ್ಮನಿಗೆ, ಬೀದಿಗೆ ಬಿದ್ದವಳು ಅಂಬೆ. ನಿನ್ನ ವ್ರತ ನಿನ್ನದು, ಅದರಲ್ಲಿ ನಾನು ಯಾಕೆ ಸುಡಬೇಕು ಎಂಬ ಅವಳ ತರ್ಕಕ್ಕೆ ಭೀಷ್ಮನ ಪಾತ್ರಧಾರಿ ಎಷ್ಟು ದೊಡ್ಡ ಪಂಡಿತನಾದರೂ ಉತ್ತರ ಕೊಡಲಿಕ್ಕೆ ಒದ್ದಾಡುವುದನ್ನು ಕಂಡಿದ್ದೇವೆ.

ಸಿಮೋನ್ ಅದೇ ಜಾಗದಲ್ಲಿ ನಿಂತವ. ಆದರೆ ಅವನು ಬೆಂಕಿ ಹಾಕಿಕೊಳ್ಳುವುದಿಲ್ಲ, ಸೇಡಿಗಾಗಿ ಇನ್ನೊಂದು ಜನ್ಮ ಕೇಳುವುದಿಲ್ಲ. ಯಾರದೋ ಗುಟ್ಟಾಗಿ ಬದುಕಲಿಕ್ಕೆ ಆಗುವುದಿಲ್ಲ ಅಂತ ಹೇಳಿ ಹಿಂದೆ ಸರೀತಾನೆ. ಮೊದಲ ಭಾಗದ ಕೊನೆಗೆ, ರಜೆಗೆ ಹೊರಡುವ ಮುಂಚೆ, ವಿಲ್ಹೆಲ್ಮ್ ಎಲ್ಲರ ಕಣ್ಣೆದುರು ಅವನನ್ನು ಅಪ್ಪಿಕೊಂಡು ಪ್ರೀತಿಸ್ತೇನೆ ಅಂತ ಕಿವಿಯಲ್ಲಿ ಹೇಳ್ತಾನೆ. ಕೇಳುವವನಿಗೆ ಮಾತ್ರ ಕೇಳಿಸುವ ಮಾತು. ಜಗತ್ತಿಗೆ ಹೇಳಿದ್ದು ಸುಳ್ಳು, ಕಿವಿಗೆ ಹೇಳಿದ್ದು ನಿಜ. ಬಹಳ ಕಥೆಗಳು ಇಲ್ಲಿಗೆ ಪ್ರೇಮ ಗೆದ್ದಿತು ಅಂತ ಹಾಡು ಹಾಕಿಬಿಡ್ತವೆ. ಈ ಸರಣಿಗೆ ಆ ಲೆಕ್ಕ ಗೊತ್ತುಂಟು: ಎಲ್ಲರ ಎದುರು ಆದ ಗಾಯಕ್ಕೆ ಕಿವಿಯಲ್ಲಿ ಮದ್ದು ಇಲ್ಲ.

ಸಿಮೋನನ ಮನೆಯ ಬಗ್ಗೆ ಒಂದು ಮಾತು. ತಾಯಿ ಲಿಂಡಾ ಲ್ಯಾಟಿನ್ ಅಮೆರಿಕದ ಮೂಲದವಳು, ಮಕ್ಕಳ ಜೊತೆ ಸ್ಪ್ಯಾನಿಷ್ ಬಳಸ್ತಾಳೆ. ಅಪ್ಪ ಕುಡಿತಕ್ಕೆ ಬಿದ್ದು ಮನೆಯಿಂದ ದೂರ. ಮನೆಯಲ್ಲಿ ಒಂದು ಭಾಷೆ, ಶಾಲೆಯ ಗೇಟು ದಾಟಿದ ಮೇಲೆ ಇನ್ನೊಂದು ಭಾಷೆ ಮಾತ್ರ ಅಲ್ಲ, ಇನ್ನೊಂದು ನಡೆ. ಈ ಪರದೆಯಲ್ಲಿ ಕೂತವರಲ್ಲಿ ಅದು ಗೊತ್ತಿಲ್ಲದವರು ಕಡಿಮೆ. ಸಾರಾಳಿಗೆ ಆ ನಡೆ ಕಲಿತು ಒಳಗಿನವಳಾಗಬೇಕು ಅಂತ ಆಸೆ, ಸಿಮೋನನಿಗೆ ಬೇಡ. ಒಡಹುಟ್ಟಿದವರ ಈ ಬಿರುಕಿನಿಂದಲೇ ಸರಣಿಯ ಇನ್ನೊಂದು ದ್ರೋಹ ಹುಟ್ಟುವುದು. ವಿಡಿಯೋ ಬಿಟ್ಟವನು ಆಗಸ್ಟ್ ಅಂತ ಗೊತ್ತಿದ್ದೂ ಅವಳು ಸುಮ್ಮನಿರ್ತಾಳೆ, ಅವನನ್ನೇ ಪ್ರೀತಿಸ್ತಾಳೆ. ಎರಡನೇ ಭಾಗದ ಕೊನೆಗೆ ಪೊಲೀಸರಿಗೆ ತಿಳಿಸುವವಳೂ ಅವಳೇ. ಸರಣಿ ಅವಳನ್ನು ಒಂಟಿಯಾಗಿಸಿ ಕೊಟ್ಟ ಶಿಕ್ಷೆ ಆಗಸ್ಟಿಗೆ ಕೊಟ್ಟದ್ದಕ್ಕಿಂತ ಕಠಿಣ ಅಂತ ನನಗೆ ಅನಿಸಿದೆ. ಸ್ನೇಹಿತೆ ಫೆಲಿಸ್ ದೂರ, ಸಿಮೋನ್ ದೂರ. ಅವನಿಗೋ, ವಕೀಲರು ಉಂಟು, ಅರಮನೆ ಉಂಟು. ಇದು ಬರಹಗಾರರ ಪಕ್ಷಪಾತವೋ, ಬಡವರ ತಪ್ಪಿಗೆ ಲೋಕ ಹೀಗೆಯೇ ದರ ಕಟ್ಟುವುದು ಅಂತ ತೋರಿಸಿದ್ದೋ? ಎರಡನೆಯದು ಅಂತ ಓದಲಿಕ್ಕೆ ನನಗೆ ಮನಸ್ಸುಂಟು. ಆದರೆ ಅದಕ್ಕೆ ಬೇಕಾದಷ್ಟು ಜಾಗ ಸಾರಾಳಿಗೆ ಕೊಟ್ಟಿಲ್ಲ.

ಆಗಸ್ಟನನ್ನು ಮಾತ್ರ ಬಹಳ ಜಾಗ್ರತೆಯಿಂದ ಬರೆದಿದ್ದಾರೆ. ಅಪ್ಪ ಆತ್ಮಹತ್ಯೆ ಮಾಡಿಕೊಂಡವ, ದೊಡ್ಡ ಮನೆತನ, ಕೈಯಲ್ಲಿ ದುಡ್ಡಿಲ್ಲ, ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಶಾಲೆಯ ಸಂಪ್ರದಾಯ ಅಂದರೆ ಅವನಿಗೆ ಧರ್ಮ. ಮೂರನೇ ಭಾಗದಲ್ಲಿ ಗೊತ್ತಾಗ್ತದೆ, ಆ ಸಂಪ್ರದಾಯದ ಹೆಸರಲ್ಲಿ ಹಿರಿಯರು ಕಿರಿಯರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದರು, ಅದರಲ್ಲಿ ನೊಂದವರಲ್ಲಿ ಆಗಸ್ಟ್ ಒಬ್ಬ, ನೋಯಿಸಿದವರಲ್ಲಿ ವಿಲ್ಹೆಲ್ಮನ ಪ್ರೀತಿಯ ಅಣ್ಣ ಎರಿಕ್ ಒಬ್ಬ. ಇದು ಬರೀ ಕಲ್ಪನೆ ಅಲ್ಲ. ಸ್ವೀಡನ್ನಿನ ಲುಂಡ್ಸ್‌ಬೆರ್ಗ್ ಎಂಬ ಹೆಸರಾಂತ ವಸತಿಶಾಲೆಯನ್ನು 2013ರಲ್ಲಿ ಇಂಥದೇ ಕಿರುಕುಳದ ಪ್ರಕರಣದ ಬಳಿಕ ಅಲ್ಲಿನ ಸರಕಾರಿ ಶಾಲಾ ತನಿಖಾ ಇಲಾಖೆ ತಾತ್ಕಾಲಿಕವಾಗಿ ಮುಚ್ಚಿಸಿತ್ತು. ಎರಿಕ್ ವಿಷಯ ಬಯಲಾದದ್ದು ಕಥೆಗೆ ದೊಡ್ಡ ಏಟು. ಅಲ್ಲಿಯವರೆಗೆ ವಿಲ್ಹೆಲ್ಮನಿಗೆ ಕರ್ತವ್ಯ ಅಂದರೆ ಅಣ್ಣನ ಜಾಗ ತುಂಬುವುದು. ಸತ್ತವನ ಮೇಲಿನ ಪ್ರೀತಿಯೇ ಅವನನ್ನು ಸಿಂಹಾಸನಕ್ಕೆ ಕಟ್ಟಿದ ಹಗ್ಗ. ಅಣ್ಣನೂ ಒಂದು ಪದ್ಯ ಒಪ್ಪಿಸಿದವ, ಅದನ್ನು ಚೆನ್ನಾಗಿ ಒಪ್ಪಿಸಿದವ ಅಂತ ತಿಳಿದ ಮೇಲೆ ಹಗ್ಗದಲ್ಲಿ ಬಲ ಉಳಿಯಲಿಲ್ಲ.

ಇನ್ನು ಕೊನೆ. ಶಾಲೆ ಮುಚ್ಚುತ್ತದೆ. ಸಿಮೋನ್ ಈ ನಡುವೆ ಬಹಳ ಕಳೆದುಕೊಂಡಿದ್ದಾನೆ: ಸಾಮಾಜಿಕ ಜಾಲತಾಣದಲ್ಲಿ ಏನು ಹಾಕಬೇಕು ಹಾಕಬಾರದು ಅಂತ ಅರಮನೆ ಹೇಳ್ತದೆ, ಮನೆಯ ಕಿಟಕಿಗೆ ಕಲ್ಲು ಬೀಳ್ತದೆ. ಅವನು ಪುನಃ ದೂರ ಸರಿದಿದ್ದಾನೆ. ವಿಲ್ಹೆಲ್ಮ್ ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಕೂತವ, ಯುವರಾಜ ಪದವಿ ಬೇಡ ಅಂತ ಹೇಳಿ ಇಳಿದು ಓಡ್ತಾನೆ. ಇದು ನಿನಗಾಗಿ ಅಲ್ಲ, ನನಗಾಗಿ ಎಂಬ ಅರ್ಥದ ಮಾತು ಸಿಮೋನನಿಗೆ ಹೇಳ್ತಾನೆ. ಈ ಮಾತು ಸಿಮೋನನ ಮೇಲೆ ಋಣದ ಭಾರ ಹಾಕುವುದಿಲ್ಲ. ಭೀಷ್ಮನ ಪ್ರತಿಜ್ಞೆ ಶಂತನುವಿನ ಮೇಲೆ ಹಾಕಿದ ಹಾಗೆ. ಅಷ್ಟರಮಟ್ಟಿಗೆ ಅದು ಬಹಳ ಪ್ರೌಢ.

ಆದರೆ ನೋಡಿ, ಮೊದಲ ಮೂರು ಸಾರ್ವಜನಿಕ ಮಾತುಗಳಿಗೆ ಕ್ಯಾಮೆರಾ, ಸಭೆ, ದೇಶ ಎಲ್ಲ ಇದ್ದವು. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಮುಚ್ಚಿದ ಕಾರಿನೊಳಗೆ ಆಗಿಹೋಗ್ತದೆ. ದೇಶಕ್ಕೆ ಅವನು ಏನು ಹೇಳಿದ? ಸಿಂಹಾಸನ ಆಗಸ್ಟಿಗೆ ಹೋಗ್ತದೆ. ರಾಮಾಯಣದ ಭರತ ತಾಯಿಯ ಕುತಂತ್ರದಿಂದ ಬಂದ ರಾಜ್ಯ ಬೇಡ ಅಂದು ಪಾದುಕೆ ಹೊತ್ತು ತಂದ. ಆಗಸ್ಟ್ ಭರತನಲ್ಲ. ಕಿಟಕಿಯಾಚೆ ನಿಂತ ಅದೇ ಹುಡುಗ ನಾಳೆ ರಾಜ, ಅವನ ಮುಂದೆ ಬರೆದಿಟ್ಟ ಕಾಗದಗಳ ರಾಶಿ. ಸರಣಿ ಅವನ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತು, ಬಳಿಕ ನಾಲ್ವರು ಎಳೆಯರು ಕಾರಿನಲ್ಲಿ ನಗುತ್ತಾ ಹೋಗುವುದನ್ನು ತೋರಿಸ್ತದೆ. ನನಗೂ ಖುಷಿ ಆಯ್ತು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೇ ಭಾಗ ಎತ್ತಿದ ಪ್ರಶ್ನೆ, ರಾಜನಾಗಿಯೇ ತನ್ನ ಮಾತು ಆಡಬಹುದಾ ಎಂಬುದು, ಉತ್ತರವಿಲ್ಲದೆ ರಸ್ತೆ ಬದಿಯಲ್ಲಿ ಉಳಿಯಿತು.

ನಿಜವಾದ ಸ್ವೀಡನ್ನಿನ ಚರಿತ್ರೆ ಇಲ್ಲಿ ಸರಣಿಗಿಂತ ಕಟು. ಅಲ್ಲಿನ ಹಳೇ ನಿಯಮದ ಪ್ರಕಾರ ಸಾಮಾನ್ಯ ಮನೆತನದ ಹುಡುಗಿಯನ್ನು ಮದುವೆಯಾದ ರಾಜಕುಮಾರ ಹಕ್ಕು ಕಳೆದುಕೊಳ್ಳಬೇಕಿತ್ತು. 1932ರಲ್ಲಿ ಲೆನ್ನಾರ್ಟ್, 1934ರಲ್ಲಿ ಸಿಗ್ವಾರ್ಡ್, 1946ರಲ್ಲಿ ಕಾರ್ಲ್ ಯೂಹಾನ್ ಹೀಗೆ ಹೊರಗೆ ಬಿದ್ದರು. ಸಿಗ್ವಾರ್ಡ್ ಆಮೇಲೆ ಹೆಸರಾಂತ ಕೈಗಾರಿಕಾ ವಿನ್ಯಾಸಕಾರನಾದ. ಆದರೂ ರಾಜಕುಮಾರ ಎಂಬ ಬಿರುದು ವಾಪಸು ಬೇಕು ಅಂತ ಮುದಿ ವಯಸ್ಸಿನವರೆಗೆ ಹೋರಾಡಿದ. ಪ್ರೀತಿಗಾಗಿ ಬಿಟ್ಟವನಿಗೂ ಬಿಟ್ಟದ್ದರ ನೋವು ಹೋಗಲಿಲ್ಲ. ಇನ್ನೊಂದು ಕಡೆ 1979ರಲ್ಲಿ ಯುವರಾಜನಾಗಿ ಹುಟ್ಟಿದ ಕಾರ್ಲ್ ಫಿಲಿಪ್ 1980ರ ಜನವರಿ 1ಕ್ಕೆ, ಹಿರಿಯ ಸಂತಾನಕ್ಕೇ ಪಟ್ಟ ಎಂಬ ಹೊಸ ನಿಯಮದಿಂದ, ತೊಟ್ಟಿಲಲ್ಲೇ ಆ ಪದವಿ ಕಳೆದುಕೊಂಡ. ಅಕ್ಕ ವಿಕ್ಟೋರಿಯಾ ಯುವರಾಣಿಯಾದಳು. ನಿಯಮ ಬದಲಾಗ್ತದೆ ಅಂತ ಆಯ್ತಲ್ಲ. ಆ ದೇಶದಲ್ಲಿ 2009ರಿಂದ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆಯೂ ಉಂಟು. ಹಾಗಿರುವಾಗ ವಿಲ್ಹೆಲ್ಮನಿಗೆ ಅಡ್ಡ ನಿಂತದ್ದು ಕಾನೂನಲ್ಲ, ಈಗ ಬೇಡ, ಸ್ವಲ್ಪ ಕಾಯಿ ಎಂಬ ಮರ್ಯಾದೆಯ ಮಾತು. ಇದನ್ನು ಸರಣಿ ಚೆನ್ನಾಗಿ ಹಿಡಿದಿದೆ. ಇಲ್ಲಿ ಯಾರೂ ಅವನಿಗೆ ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಎಲ್ಲರೂ ಮೆತ್ತಗೆ ಮಾತಾಡಿ ಒಂದು ಕಾಗದ ಮುಂದೆ ಇಡ್ತಾರೆ.

ಮಂಡನೆ ಇಲ್ಲಿಗೆ ನಿಲ್ಲಿಸ್ತೇನೆ, ಪ್ರಶ್ನೆಗಳಿದ್ದರೆ ಕೇಳಬಹುದು.

ಸಂವಾದ

ಸೊಲ್ಲಾಪುರದ ಸಂಶೋಧನಾ ವಿದ್ಯಾರ್ಥಿ: ಅಕ್ಕಾ, ಒಂದ್ ಮಾತು ಕೇಳ್ಬೇಕಿತ್ರಿ. ವಿಲ್ಹೆಲ್ಮ್ ಹದಿನಾರು ಹದಿನೇಳು ವಯಸ್ಸಿನ ಹುಡುಗ. ಅಣ್ಣ ಸತ್ತಾನ, ಅವ್ವ ಒತ್ತಾಯ ಮಾಡ್ಯಾಳ. ಅವನ ಮ್ಯಾಲ ದ್ರೋಹ ಅನ್ನೋ ದೊಡ್ಡ ಶಬ್ದ ಹಾಕೂದು ಅನ್ಯಾಯ ಅಲ್ಲೇನ್ರಿ?

ಉತ್ತರ: ಒಳ್ಳೆ ಪ್ರಶ್ನೆ. ಕ್ಷಮಿಸಬಹುದಾದ ದ್ರೋಹವೂ ದ್ರೋಹವೇ ಅಲ್ವಾ. ಅವನ ಮೇಲೆ ಕನಿಕರ ಇರಲಿ. ಆದರೆ ಅವನು ಚಿಕ್ಕವ ಅಂತ ನಾವು ಹೇಳುವಾಗ ಸಿಮೋನನೂ ಅಷ್ಟೇ ಚಿಕ್ಕವ, ಅವನ ಬೆನ್ನಿಗೆ ಅರಮನೆ ಇಲ್ಲ ಎಂಬುದನ್ನು ಮರೀಬಾರದು. ಸರಣಿಯಲ್ಲಿ ಇಬ್ಬರಿಗೂ ನೋವಾಗ್ತದೆ, ಆದರೆ ನೋವಾದಾಗ ಮಾತಾಡಲಿಕ್ಕೆ ವೇದಿಕೆ ಸಿಕ್ಕಿದ್ದು ಒಬ್ಬನಿಗೆ ಮಾತ್ರ.

ಹೊಸೂರಿನ ಅಧ್ಯಾಪಕರು: ನಿಮ್ಮ ತಾಳಮದ್ದಲೆ ಹೋಲಿಕೆ ಇಷ್ಟವಾಯ್ತು. ಆದರೆ ಇದೆಲ್ಲ ದೂರದ ದೇಶದ ಶ್ರೀಮಂತರ ಕಥೆ. ನಮ್ಮ ಮಕ್ಕಳಿಗೆ ಇದರಿಂದ ಏನು, ಅಂತ ಕಾಲೇಜಿನಲ್ಲಿ ಯಾರಾದರೂ ಕೇಳಿದ್ರೆ?

ಉತ್ತರ: ಸರ್, ಫೋನು ನಮ್ಮ ಮಕ್ಕಳ ಕೈಯಲ್ಲೂ ಉಂಟು. ಒಬ್ಬರ ಖಾಸಗಿ ಗಳಿಗೆಯನ್ನು ಚಿತ್ರಿಸಿ ಹಂಚುವುದು ನಮ್ಮಲ್ಲೂ ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ಅಪರಾಧ; ಹದಿನೆಂಟು ತುಂಬದವರದ್ದಾದರೆ ಪೋಕ್ಸೋ ಕೂಡ ಬರ್ತದೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇಬ್ಬರು ಪ್ರಾಯಸ್ಥರ ಸಲಿಂಗ ಪ್ರೀತಿ ಅಪರಾಧ ಅಲ್ಲ. ಆದರೆ ಮನೆಯಲ್ಲಿ? ನಾಲ್ಕು ಜನ ಏನು ಹೇಳ್ತಾರೆ ಅಂತ ನಾವೂ ಮಕ್ಕಳ ಮುಂದೆ ಬರೆದ ಕಾಗದ ಇಡ್ತೇವೆ. ಅರಮನೆಯೇ ಬೇಕಂತಿಲ್ಲ.

ತಾಳವಾಡಿಯ ವಿದ್ಯಾರ್ಥಿನಿ: ರಾಣಿಯ ಬಗ್ಗೆ ನೀವು ಏನೂ ಹೇಳಲಿಲ್ವಲ್ಲಾ ಅಕ್ಕ. ಅವಳೂ ಮಗನನ್ನ ಕಳ್ಕೊಂಡವಳೇ.

ಉತ್ತರ: ಹೌದು, ಪೆರ್ನಿಲ್ಲಾ ಆಗಸ್ಟ್ ಆ ಪಾತ್ರವನ್ನು ಬಹಳ ಕಡಿಮೆ ಮಾತಿನಲ್ಲಿ ಮಾಡಿದ್ದಾರೆ. ಮಗನ ಸಾವಿನ ನಂತರವೂ ಅವಳು ರಾಣಿಯಾಗಿಯೇ ಇರಬೇಕು, ಅಳಲಿಕ್ಕೂ ಸಮಯ ನಿಗದಿ ಆಗಿರ್ತದೆ. ಮಗನಿಗೆ ಕಾಗದ ಕೊಡುವ ಮೊದಲು ಅವಳೂ ಎಷ್ಟೋ ಕಾಗದ ಓದಿದವಳು. ಬರವಣಿಗೆ ಅವಳ ಒಳಗೆ ಇನ್ನಷ್ಟು ಹೋಗಬಹುದಿತ್ತು ಅಂತ ನನಗೂ ಅನಿಸಿದೆ. ಒಂದು ಸ್ವಾರಸ್ಯ ಉಂಟು: ಅವಳಿಗಿಟ್ಟ ಹೆಸರು ಕ್ರಿಸ್ಟಿನಾ. ಸ್ವೀಡನ್ನಿನ ಚರಿತ್ರೆಯಲ್ಲಿ ಆ ಹೆಸರಿನ ರಾಣಿ ಮದುವೆ ಒಲ್ಲೆ ಅಂದವಳು, 1654ರಲ್ಲಿ ತಾನಾಗಿಯೇ ಸಿಂಹಾಸನ ಬಿಟ್ಟು ಇಳಿದವಳು, ಕ್ಯಾಥೊಲಿಕ್ ಮತಕ್ಕೆ ಸೇರಿ ಕೊನೆಗೆ ರೋಮಿನಲ್ಲಿ ಬಾಳಿದವಳು. ಅಂಥ ಹೆಸರಿನ ತಾಯಿ ಕಾರಿನಲ್ಲಿ ಕೂತು, ಮಗ ಬಾಗಿಲು ತೆರೆದು ಇಳಿಯುವುದನ್ನು ನೋಡ್ತಾಳೆ. ನೀವು ಆ ದೃಶ್ಯ ಪುನಃ ನೋಡುವುದಾದರೆ ಈ ಸಲ ಹುಡುಗನನ್ನು ಬಿಟ್ಟು ಅವಳನ್ನು ನೋಡಿ.